ಮೂರನೇ ಚಕ್ರದ ತಕರಾರು

ಕಳೆದ ಸಂಚಿಕೆಯಲ್ಲಿ ನನ್ನ ಹಳೆಯ ಬ್ರಿಟಿಷ್ ಬೈಕ್ ಬಿಎಸ್‌ಎ ಎಂ21 ಮತ್ತು ಅದರ ಪಕ್ಕಕ್ಕೆ ಜೋಡಿಸಿದ ಒಂಟಿ ಚಕ್ರದ ತೊಟ್ಟಿಲಿನ, ಅಂದರೆ ಸೈಡ್‌ಕಾರಿನ ಫೋಟೊ ಹಾಕಿದ್ದೇ ತಪ್ಪಾಯಿತು. ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಸೈಡ್‌ಕಾರಿನದ್ದೇ. ಹಾಗಾಗಿ ಈ ಸಲ ಮೈಲೇಜ್, ಕ್ಲಚ್, ಸೈಲೆನ್ಸರ್ ಪ್ರಶ್ನೆಗಳೆಲ್ಲ ಮುಂದಕ್ಕೆ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ತಾತನ ಬಿಎಸ್‌ಎ ಎಂ21, ಸೈಡ್‌ಕಾರ್ ಸಮೇತ, ಸುಮಾರು ಮೂವತ್ತು ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ಕಿಕ್ಕರ್ ಕೆಳಗೇ ಹೋಗುತ್ತಿಲ್ಲ. ನನಗೆ ಸ್ಪ್ಯಾನರ್ ಹಿಡಿಯಲು ಬರುತ್ತದೆ, ಆದರೆ ಇಷ್ಟು ಹಳೆಯದನ್ನು ಮುಟ್ಟಿಲ್ಲ. ಮೊದಲು ಸೈಡ್‌ಕಾರ್ ಬಿಚ್ಚಿಟ್ಟು, ಬೈಕಿಗೆ ಪೇಂಟ್ ಮಾಡಿಸಿ, ಆಮೇಲೆ ಎಂಜಿನ್ ನೋಡೋಣ ಎಂದುಕೊಂಡಿದ್ದೇನೆ. ಸರಿಯೇ ಸರ್?
– ಒಬ್ಬ ವಿದ್ಯಾರ್ಥಿನಿ

ಉತ್ತರ: ಇಲ್ಲಮ್ಮ, ಪೂರ್ತಿ ತಲೆಕೆಳಗು. ಪೇಂಟ್ ಕೊನೆಗೆ. ಸೈಡ್‌ಕಾರ್ ಬಿಚ್ಚುವುದೂ ಈಗಲೇ ಅಲ್ಲ. ಮೊದಲು ಒಂದು ನೋಟ್‌ಬುಕ್ಕು, ಒಂದು ಅಳತೆ ಟೇಪು ಹಿಡಿದುಕೊಂಡು ಶೆಡ್ಡಿಗೆ ಹೋಗಿ.

ನಿಮ್ಮ ತಾತ ಆ ಗಾಡಿಯನ್ನು ಓಡಿಸುತ್ತಿದ್ದರು ಅಂದರೆ ಅದು ನೆಟ್ಟಗೆ ಓಡುತ್ತಿತ್ತು ಅಂತ ಅರ್ಥ. ಬೈಕಿಗೂ ಸೈಡ್‌ಕಾರಿಗೂ ಸಾಮಾನ್ಯವಾಗಿ ನಾಲ್ಕು ಕಡೆ ಜೋಡಣೆ ಇರುತ್ತದೆ. ಕೆಳಗೆ ಎರಡು, ಮೇಲೆ ಎರಡು. ಮೇಲಿನ ಕಂಬಿಗಳಲ್ಲಿ ಥ್ರೆಡ್ ಇರುತ್ತದೆ, ಉದ್ದ ಹೆಚ್ಚು ಕಡಿಮೆ ಮಾಡಬಹುದು. ಆ ಉದ್ದವನ್ನು ಯಾರೋ ಓಡಿಸಿ ನೋಡಿ, ಇಳಿದು ಒಂದು ಸುತ್ತು ತಿರುಗಿಸಿ, ಮತ್ತೆ ಓಡಿಸಿ ಹೊಂದಿಸಿದ್ದು. ನೀವು ಸುಮ್ನೆ ಬಿಚ್ಚಿದರೆ ಆ ಕೆಲಸವೆಲ್ಲ ಹೋಯಿತು. ಆದ್ದರಿಂದ ಪ್ರತಿ ಕಂಬಿಯಲ್ಲಿ ನಟ್ಟಿನ ಆಚೆ ಎಷ್ಟು ಸುತ್ತು ಥ್ರೆಡ್ ಕಾಣುತ್ತದೆ ಎಣಿಸಿ ಬರೆದುಕೊಳ್ಳಿ. ಸೈಡ್‌ಕಾರ್ ಚಕ್ರದ ಆಕ್ಸಲ್ ಬೈಕಿನ ಹಿಂದಿನ ಆಕ್ಸಲ್‌ಗಿಂತ ಎಷ್ಟು ಮುಂದಿದೆ, ಅದನ್ನೂ ಬರೆದುಕೊಳ್ಳಿ. ನಾಲ್ಕೂ ಜೋಡಣೆಗಳ ಫೋಟೊ ಮೇಲಿಂದ, ಕೆಳಗಿಂದ, ಪಕ್ಕದಿಂದ ಬೇಕು. ವಾಷರ್ ಎಷ್ಟು, ಯಾವ ಕಡೆ ಅನ್ನುವುದು ಅದರಲ್ಲಿ ಕಾಣಬೇಕು. ಇದಾದ ಮೇಲೆ ಬಿಚ್ಚಿ.

ಈಗ ಎಂಜಿನ್. ಕಿಕ್ಕರ್ ಮೇಲೆ ನಿಂತು ಕುಣಿಯಬೇಡಿ. ಒಳಗಿನ ಹಲ್ಲು ಮುರಿದರೆ ಆ ಹಲ್ಲು ಗೇರ್‌ಬಾಕ್ಸ್ ತಳದಲ್ಲೇ ಬಿದ್ದಿರುತ್ತದೆ. ನಿಮ್ಮ ಪುಣ್ಯಕ್ಕೆ ಎಂ21 ಸೈಡ್‌ವಾಲ್ವ್ ಎಂಜಿನ್. ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿರುವುದರಿಂದ ಹೆಡ್ ಅಂದರೆ ಬರೀ ಒಂದು ಮುಚ್ಚಳ. ಬೋಲ್ಟು ಬಿಚ್ಚಿ ಎತ್ತಿದರೆ ಪಿಸ್ಟನ್ ಎಲ್ಲಿ ನಿಂತಿದೆ, ಸಿಲಿಂಡರಿನ ಒಳಗೋಡೆಗೆ ಎಷ್ಟು ತುಕ್ಕು ಹತ್ತಿದೆ ಎಲ್ಲ ಕಣ್ಣೆದುರಿಗೆ. ತುಕ್ಕು ಬಿಡಿಸುವ ಎಣ್ಣೆಯನ್ನು ಪಿಸ್ಟನ್ ಮೇಲೆ ಹುಯ್ದು ಒಂದು ವಾರ ಮರೆತುಬಿಡಿ. ವಾಲ್ವ್‌ಗಳ ಕಾಂಡಕ್ಕೂ ಹಾಕಿ, ಅವೂ ಜಾಮ್ ಆಗಿರುತ್ತವೆ. ಆಮೇಲೆ ಟಾಪ್ ಗೇರ್‌ಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸಿ. ಅಲುಗಿತಾ? ನಿಲ್ಲಿಸಿ. ಇನ್ನಷ್ಟು ಎಣ್ಣೆ, ಇನ್ನೊಂದು ವಾರ. ನನ್ನದು ಹನ್ನೊಂದನೇ ದಿನ ಬಿಟ್ಟಿತು. ಶಬ್ದವೇನೂ ಬರಲಿಲ್ಲ. ಬಾಗಿಲ ಚಿಲಕ ಸರಿದ ಹಾಗೆ ಕೈಗೆ ಗೊತ್ತಾಯಿತು, ಅಷ್ಟೇ.

ಸ್ಪ್ಯಾನರ್ ವಿಷಯ. ಆ ಕಾಲದ ಬ್ರಿಟಿಷ್ ಗಾಡಿಗೆ ಮಿಲಿಮೀಟರ್ ಸ್ಪ್ಯಾನರ್ ಕೂರುವುದಿಲ್ಲ. ಕೂತ ಹಾಗೆ ಅನಿಸುತ್ತದೆ, ಆಮೇಲೆ ಜಾರಿ ನಟ್ಟಿನ ಮೂಲೆ ಉರುಟಾಗುತ್ತದೆ. ಅದಕ್ಕೆ ವಿಟ್‌ವರ್ತ್ ಸ್ಪ್ಯಾನರ್ ಬೇಕು. ಅದರ ಮೇಲೆ ಬರೆದ ಸೈಜ್ ನಟ್ಟಿನ ತಲೆಯದ್ದಲ್ಲ, ಬೋಲ್ಟಿನ ದಪ್ಪದ್ದು. ಇದು ಗೊತ್ತಿಲ್ಲದೆ ನಾನು ಒಂದು ಸೆಟ್ಟನ್ನು 'ತಪ್ಪು ಸೈಜು' ಅಂತ ವಾಪಸ್ ಕೊಟ್ಟು ನಗೆಪಾಟಲಾಗಿದ್ದೇನೆ. ಥ್ರೆಡ್ಡಿನ ಕೋನವೂ ಬೇರೆ. ವಿಟ್‌ವರ್ತ್‌ನದ್ದು 55 ಡಿಗ್ರಿ, ಮೆಟ್ರಿಕ್ ಬೋಲ್ಟಿನದ್ದು 60. ಕೈಗೆ ಸಿಕ್ಕ ಬೋಲ್ಟು ತುರುಕಿದರೆ ಎರಡು ಸುತ್ತು ಹೋಗುತ್ತದೆ, ಮೂರನೇ ಸುತ್ತಿಗೆ ಎಂಜಿನ್ನಿನ ಕೆಳಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನ ಥ್ರೆಡ್ ಪುಡಿ.

ಇನ್ನೊಂದು ಮಾತು, ಇದು ನನ್ನ ಹೊಟ್ಟೆಯುರಿ. ಕ್ರ್ಯಾಂಕ್‌ಕೇಸನ್ನು ಸ್ಯಾಂಡ್ ಬ್ಲಾಸ್ಟ್‌ಗೆ, ಅಂದರೆ ಮರಳು ಊದಿ ಉಜ್ಜಿಸಲು ಕೊಡಬೇಡಿ. ನಾನು ಕೊಟ್ಟೆ. ಬೆಳ್ಳಿ ಹಾಗೆ ಹೊಳೆಯುತ್ತಾ ಬಂತು. ಎಣ್ಣೆ ಹೋಗುವ ಸಣ್ಣ ದಾರಿಯಲ್ಲಿ ಚಿಟಿಕೆಯಷ್ಟು ಮರಳು ಉಳಿದಿತ್ತು. ಇನ್ನೂರು ಕಿಲೋಮೀಟರ್ ಓಡುವುದರೊಳಗೆ ಪಿಸ್ಟನ್ ಕೋಲಿನ ಕೆಳತುದಿಯ ಬಿಗ್ ಎಂಡ್ ಬೇರಿಂಗ್ ಟಕಟಕ ಅನ್ನತೊಡಗಿತು. ಸೀಮೆಎಣ್ಣೆ, ಬ್ರಷ್ಷು, ತಾಳ್ಮೆ. ಅಷ್ಟು ಸಾಕು.

ಪ್ರಶ್ನೆ: ಎರಡು ವರ್ಷ ಕೂತು ನನ್ನ ಗಾಡಿ ರಿಪೇರಿ ಮಾಡಿದ್ದೇನೆ. ಎಂಜಿನ್ ಗಡಿಯಾರದ ಹಾಗೆ ಓಡುತ್ತದೆ. ಆದರೆ ಸೈಡ್‌ಕಾರ್ ಹಾಕಿದ ಮೇಲೆ ಎಡಕ್ಕೆ ಎಳೆಯುತ್ತದೆ. ಅರ್ಧ ಗಂಟೆಯಲ್ಲಿ ಬಲಗೈ ಸೋತುಹೋಗುತ್ತದೆ. ಸೈಡ್‌ಕಾರ್ ಎಡಗಡೆ ಇದೆ. ಹ್ಯಾಂಡಲ್ ಬೇರಿಂಗ್ ಬದಲಿಸಬೇಕೇ?

ಉತ್ತರ: ಬೇರಿಂಗ್ ಪಾಪ, ಅದರ ತಪ್ಪಿಲ್ಲ. ನೀವು ಒಂದು ಬೈಕ್ ರಿಪೇರಿ ಮಾಡಿದ್ದೀರಿ, ಒಂದು ಸೈಡ್‌ಕಾರ್ ರಿಪೇರಿ ಮಾಡಿದ್ದೀರಿ. ಎರಡೂ ಸೇರಿ ಆಗುವ ಮೂರನೇ ಗಾಡಿಗೆ ಇನ್ನೂ ಕೈ ಹಚ್ಚಿಲ್ಲ. ಸುಮಾರು ಜನ ಇಲ್ಲೇ ಸೋಲುವುದು. ಕ್ರೋಮ್ ಹೊಳೆಯುತ್ತದೆ, ಗಾಡಿ ಏಡಿಯ ಹಾಗೆ ಅಡ್ಡ ನಡೆಯುತ್ತದೆ.

ಪಕ್ಕದಲ್ಲಿ ಒಂದು ಭಾರವನ್ನು ಎಳೆದುಕೊಂಡು ಹೋಗುವಾಗ ಗಾಡಿ ಆ ಕಡೆಗೆ ತಿರುಗಲು ನೋಡುವುದು ಸಹಜ. ಅದಕ್ಕೇ ಎರಡು ಸಣ್ಣ ಮೋಸ ಮಾಡುತ್ತೇವೆ. ಒಂದು, ಸೈಡ್‌ಕಾರ್ ಚಕ್ರದ ಮೂತಿಯನ್ನು ಸ್ವಲ್ಪ ಬೈಕಿನ ಕಡೆಗೆ ತಿರುಗಿಸುವುದು. ಇದು ಟೋ-ಇನ್. ಎರಡು, ಬೈಕನ್ನು ಸೈಡ್‌ಕಾರಿನಿಂದ ಆಚೆಗೆ ಚೂರು ವಾಲಿಸುವುದು. ಇದು ಲೀನ್-ಔಟ್.

ಅಳೆಯುವುದು ಹೀಗೆ. ಸಮನಾದ ನೆಲ ಬೇಕು. ನೆಲ ಸಮ ಇದೆ ಅಂತ ಕಣ್ಣು ಹೇಳಿದರೆ ನಂಬಬೇಡಿ, ಮಟ್ಟಗೋಲು ಇಟ್ಟು ನೋಡಿ. ಮೂರೂ ಟಯರಿಗೆ ಗಾಳಿ ಸರಿ ಇರಲಿ. ಎರಡು ನೇರವಾದ ಹಲಗೆ ಅಥವಾ ಅಲ್ಯುಮಿನಿಯಂ ಪಟ್ಟಿ ತನ್ನಿ. ನಾನು ಎರಡು ಇಟ್ಟಿಗೆ ಮೇಲೆ ಪಟ್ಟಿ ಮಲಗಿಸುತ್ತೇನೆ. ಒಂದು ಪಟ್ಟಿ ಬೈಕಿನ ಹಿಂದಿನ ಮತ್ತು ಮುಂದಿನ ಟಯರಿಗೆ ಒರಗಿರಲಿ. ಹಿಂದಿನ ಟಯರ್ ದಪ್ಪ ಇದ್ದರೆ ಆ ವ್ಯತ್ಯಾಸದ ಅರ್ಧದಷ್ಟು ದಪ್ಪದ ಚಕ್ಕೆಯನ್ನು ಮುಂದಿನ ಟಯರಿಗೆ ಕೊಡಿ. ಇದನ್ನು ಮರೆತು ಇಡೀ ಭಾನುವಾರ ಹಾಳು ಮಾಡಿಕೊಂಡವರಲ್ಲಿ ನಾನೂ ಒಬ್ಬ. ಇನ್ನೊಂದು ಪಟ್ಟಿ ಸೈಡ್‌ಕಾರ್ ಟಯರಿಗೆ ಒರಗಿರಲಿ. ಈಗ ಎರಡು ಪಟ್ಟಿಗಳ ನಡುವಿನ ದೂರವನ್ನು ಮುಂದಿನ ಚಕ್ರದ ಮುಂದೆ ಒಮ್ಮೆ, ಹಿಂದಿನ ಚಕ್ರದ ಹಿಂದೆ ಒಮ್ಮೆ ಅಳೆಯಿರಿ. ಮುಂದಿನ ಅಳತೆ ಸುಮಾರು 20 ಮಿ.ಮೀ. ಕಡಿಮೆ ಬರಬೇಕು. ಗಾಡಿಯಿಂದ ಗಾಡಿಗೆ 10ರಿಂದ 25ರವರೆಗೂ ಇರುತ್ತದೆ. 20ರಿಂದ ಶುರು ಮಾಡಿ.

ಇನ್ನು ವಾಲು. ನಿಮ್ಮಷ್ಟೇ ತೂಕದವರನ್ನು ಸೀಟಿನ ಮೇಲೆ ಕೂರಿಸಿ. ಖಾಲಿ ಗಾಡಿಯ ಅಳತೆ ಉಪಯೋಗಕ್ಕೆ ಬರುವುದಿಲ್ಲ, ಸ್ಪ್ರಿಂಗ್ ಕುಗ್ಗಿದಾಗ ಎಲ್ಲ ಬದಲಾಗುತ್ತದೆ. ಬೈಕಿನ ನಡುಗೆರೆಯ ನೇರಕ್ಕೆ, ಹ್ಯಾಂಡಲ್ ಮಟ್ಟದಿಂದ ಒಂದು ತೂಕದ ದಾರ ಇಳಿಬಿಡಿ. ಬೈಕು 1ರಿಂದ 2 ಡಿಗ್ರಿ ಆಚೆಗೆ ವಾಲಿದ್ದರೆ ಸರಿ. ಹ್ಯಾಂಡಲ್ ಎತ್ತರದಲ್ಲಿ ಅದು ಸುಮಾರು ಒಂದು ಇಂಚು. ಡಿಗ್ರಿ ಅಳೆಯುವ ಸಾಧನ ಇಲ್ಲದಿದ್ದರೂ ಒಂದು ಇಂಚು ಎಲ್ಲರಿಗೂ ಗೊತ್ತಲ್ವಾ.

ಆಮೇಲೆ ಓಡಿಸಿ ನೋಡಿ. ಇನ್ನೂ ಸೈಡ್‌ಕಾರ್ ಕಡೆಗೇ ಎಳೆದರೆ ಮೇಲಿನ ಕಂಬಿಗಳನ್ನು ಅರ್ಧರ್ಧ ಸುತ್ತು ತಿರುಗಿಸಿ ಲೀನ್-ಔಟ್ ಜಾಸ್ತಿ ಮಾಡಿ. ಟೋ-ಇನ್‌ಗೆ ಆಸೆ ಪಡಬೇಡಿ. ಅದು ಜಾಸ್ತಿಯಾದರೆ ಟಯರ್ ನೆಲವನ್ನು ಉಜ್ಜಿಕೊಂಡೇ ಓಡುತ್ತದೆ, ರಬ್ಬರ್ ಗರಗಸದ ಹಲ್ಲಿನ ಹಾಗೆ ಸವೆಯುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನೂ ಒಟ್ಟಿಗೆ ತಿರುಗಿಸಿ 'ಯಾವುದರಿಂದ ಸರಿಹೋಯಿತು' ಅಂತ ನನ್ನನ್ನು ಕೇಳಬೇಡಿ.

ಒಂದನ್ನು ಒಪ್ಪಿಕೊಳ್ಳಿ. ಥ್ರಾಟಲ್ ತಿರುಗಿಸಿದಾಗ ಗಾಡಿ ಸ್ವಲ್ಪ ಎಡಕ್ಕೆ, ಬಿಟ್ಟಾಗ ಸ್ವಲ್ಪ ಬಲಕ್ಕೆ ಹೋಗೇ ಹೋಗುತ್ತದೆ. ಒಂದೇ ವೇಗದಲ್ಲಿ ಹೋಗುವಾಗ ನೆಟ್ಟಗಿದ್ದರೆ ನಿಮ್ಮ ಕೆಲಸ ಮುಗಿಯಿತು.

ಪ್ರಶ್ನೆ: ನನ್ನದು 1960ರ ದಶಕದ ಬಿಎಂಡಬ್ಲ್ಯು, ಮುಂದಿನ ಚಕ್ರವನ್ನು ತೂಗುವ ತೋಳು ಹಿಡಿದಿರುವ ಅರ್ಲ್ಸ್ ಫೋರ್ಕ್ ಇರುವುದು. ಸೈಡ್‌ಕಾರ್ ಹಾಕಿದ ಮೇಲೆ ಹ್ಯಾಂಡಲ್ ಕಲ್ಲಿನಂತೆ ಭಾರ. ಅಳತೆ ಎಲ್ಲ ಸರಿ ಇದೆ.

ಉತ್ತರ: ನಿಮ್ಮದು ಸುಲಭ. ಬಿಎಂಡಬ್ಲ್ಯು 1955ರಿಂದ 1969ರವರೆಗೆ ಕೊಟ್ಟ ಆ ಫೋರ್ಕಿನಲ್ಲಿ ಕೆಳಗಿನ ತೋಳು ಕೂರುವ ಜಾಗ ಎರಡಿದೆ. ಹಿಂದಿನದ್ದು ಬರೀ ಬೈಕಿಗೆ, ಮುಂದಿನದ್ದು ಸೈಡ್‌ಕಾರಿಗೆ. ತೋಳನ್ನು ಮುಂದಿನ ತೂತಿಗೆ ಸರಿಸಿದರೆ ಟ್ರೈಲ್ (ಮುಂದಿನ ಚಕ್ರ ನೆಲ ಮುಟ್ಟುವ ಜಾಗ ಸ್ಟೀರಿಂಗಿನ ಗೆರೆಗಿಂತ ಎಷ್ಟು ಹಿಂದಿದೆ ಅನ್ನುವುದು) ಕಡಿಮೆಯಾಗಿ ಹ್ಯಾಂಡಲ್ ಹಗುರಾಗುತ್ತದೆ. ಹಿಂದಿನ ಚಕ್ರದ ಗೇರ್ ಅನುಪಾತವೂ ಸೈಡ್‌ಕಾರಿಗೆ ಬೇರೆಯೇ ಬರುತ್ತಿತ್ತು. ಹತ್ತು ಹೆಜ್ಜೆ ಏರು ಕಂಡರೆ ಎಂಜಿನ್ ಏದುಸಿರು ಬಿಡುತ್ತಿದ್ದರೆ ಅದನ್ನೂ ನೋಡಿ. ಚೈನ್ ಇರುವ ಗಾಡಿಯವರು ಎಂಜಿನ್ ಕಡೆಯ ಸ್ಪ್ರಾಕೆಟ್ಟನ್ನು ಒಂದೆರಡು ಹಲ್ಲು ಸಣ್ಣದು ಹಾಕಿದರೆ ಆಯಿತು.

ಪ್ರಶ್ನೆ: ಸೈಡ್‌ಕಾರನ್ನು ಬಲಗಡೆಯಿಂದ ಬಿಚ್ಚಿ ಎಡಗಡೆ ಹಾಕಬಹುದೇ?

ಉತ್ತರ: ರಸ್ತೆಯ ಎಡಗಡೆ ಓಡಿಸುವ ದೇಶಗಳಲ್ಲಿ ಸೈಡ್‌ಕಾರ್ ಎಡಕ್ಕೆ, ಬಲಗಡೆ ಓಡಿಸುವಲ್ಲಿ ಬಲಕ್ಕೆ. ಪ್ರಯಾಣಿಕರು ರಸ್ತೆ ಅಂಚಿನ ಕಡೆ ಇಳಿಯಬೇಕಲ್ಲ. ಬಿಎಂಡಬ್ಲ್ಯು ಆರ್71ರ ಮಾದರಿಯಲ್ಲಿ ಬಂದ ಸೋವಿಯತ್ ಎಂ-72, ಅದರ ನಂತರದ ಉರಾಲ್‌ಗಳು ಬಲಗಡೆಯವು. ತಿರುಗಿಸಿ ಹಾಕುವುದು ಎಂದರೆ ಬಲಗಾಲಿನ ಚಪ್ಪಲಿಯನ್ನು ಎಡಗಾಲಿಗೆ ಹಾಕಿದ ಹಾಗೆ. ಚಾಸಿಯ ಕೊಕ್ಕೆಗಳು, ಚಕ್ರ, ಬಾಗಿಲು ಎಲ್ಲ ಉಲ್ಟಾ. ಸೈಡ್‌ಕಾರ್ ಚಕ್ರಕ್ಕೂ ಎಂಜಿನ್ ಶಕ್ತಿ ಹೋಗುವ ಬಿಎಂಡಬ್ಲ್ಯು ಆರ್75ರಂಥ ಗಾಡಿಯಾದರೆ ಆ ಯೋಚನೆಯನ್ನೇ ಬಿಡಿ.

ಪ್ರಶ್ನೆ: ತಣ್ಣಗಿದ್ದಾಗ ಎರಡನೇ ಕಿಕ್ಕಿಗೆ ಸ್ಟಾರ್ಟ್. ಇಪ್ಪತ್ತು ನಿಮಿಷ ಓಡಿ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಎಲ್ಲರೂ ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಹೋಗಿದೆ ಎನ್ನುತ್ತಾರೆ. ಬಿಚ್ಚಲೇ?

ಉತ್ತರ: ಬಿಚ್ಚುವ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ತಮಾಷೆಯಲ್ಲ. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸೂಜಿತೂತು ಇರುತ್ತದೆ. ಪೇಂಟ್ ಅಥವಾ ಪಾಲಿಶ್ ಹಾಕುವಾಗ ಅದು ಮುಚ್ಚಿಹೋಗುತ್ತದೆ. ಪೆಟ್ರೋಲ್ ಇಳಿದಂತೆ ಟ್ಯಾಂಕಿನೊಳಗೆ ಗಾಳಿಯ ಒತ್ತಡ ಕಡಿಮೆಯಾಗಿ, ಕಾರ್ಬುರೇಟರಿಗೆ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಹೊತ್ತು ಕಳೆದರೆ ನಿಧಾನಕ್ಕೆ ಗಾಳಿ ನುಗ್ಗಿ ಮತ್ತೆ ಸರಿ. ಥೇಟ್ ನಿಮ್ಮ ಲಕ್ಷಣವೇ. ಗಾಡಿ ನಿಂತ ತಕ್ಷಣ ಮುಚ್ಚಳ ತಿರುಗಿಸಿ, ಕಿವಿ ಹತ್ತಿರ ಇಡಿ. ಸುಂಯ್ ಅಂತ ಗಾಳಿ ಒಳಗೆ ಹೋದರೆ ಮ್ಯಾಗ್ನೆಟೊಗೆ ಬೈದಿದ್ದು ವಾಪಸ್ ತಗೊಳ್ಳಿ.

ಶಬ್ದ ಬರಲಿಲ್ಲವಾ? ಹಾಗಾದರೆ ಅಲ್ಲೇ, ಬಿಸಿ ಇರುವಾಗಲೇ ಪ್ಲಗ್ ಬಿಚ್ಚಿ. ಕೈಗೆ ದಪ್ಪ ಬಟ್ಟೆ ಇರಲಿ. ವೈರಿಗೆ ಸಿಕ್ಕಿಸಿ ಪ್ಲಗ್ಗನ್ನು ಹೆಡ್ ಮೇಲೆ ಮಲಗಿಸಿ, ಟ್ಯಾಂಕಿನ ಪೆಟ್ರೋಲ್ ಟ್ಯಾಪ್ ಮುಚ್ಚಿದೆಯೇ ನೋಡಿಕೊಂಡು, ಪ್ಲಗ್ಗಿನ ತೂತಿನಿಂದ ದೂರದಲ್ಲಿಟ್ಟು ಕಿಕ್ ಮಾಡಿ. ನೀಲಿ ಕಿಡಿ ಚಟ್ ಎಂದರೆ ಮ್ಯಾಗ್ನೆಟೊ ಚೆನ್ನಾಗಿದೆ. ತೆಳ್ಳಗೆ ಹಳದಿಯೋ, ಏನೂ ಇಲ್ಲವೋ ಆದರೆ ಎಲ್ಲರೂ ಹೇಳಿದ್ದು ಸರಿ. ಮೊದಲು ಮ್ಯಾಗ್ನೆಟೊದಲ್ಲಿ ತೆರೆದು ಮುಚ್ಚುವ ಪಾಯಿಂಟ್‌ಗಳ ನಡುವಿನ ಗ್ಯಾಪ್ ನೋಡಿ. ಲ್ಯೂಕಸ್ ಕಂಪನಿಯದ್ದಾದರೆ 12 ಥೌ (ಇಂಚಿನ ಸಾವಿರದಲ್ಲಿ 12 ಪಾಲು), ಅಂದರೆ 0.3 ಮಿ.ಮೀ. ಕಿಡಿಯ ಕರೆಂಟನ್ನು ಹೊರಗೆ ದಾಟಿಸುವ ಸ್ಲಿಪ್ ರಿಂಗನ್ನು ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ. ಅಷ್ಟಕ್ಕೂ ಬಗ್ಗದಿದ್ದರೆ ಆರ್ಮೇಚರ್, ಅಂದರೆ ಒಳಗೆ ತಿರುಗುವ ತಂತಿಯ ಸುರುಳಿ, ಅದರೊಳಗಿನ ಕಂಡೆನ್ಸರಿನಲ್ಲಿ ಬಿಸಿಗೆ ಕರೆಂಟ್ ಸೋರುತ್ತಿದೆ ಎಂದುಕೊಳ್ಳಿ. ಹಳೆಯ ಲ್ಯೂಕಸ್ ಆರ್ಮೇಚರುಗಳ ಅರಗಿನ ವಾರ್ನಿಷ್ ಕರಗಿ ಜಿಗಟಾಗಿ ಹೊರಗೆ ಬಂದಿದ್ದೂ ನೋಡಿದ್ದೇನೆ. ಅದು ಹೊಸದಾಗಿ ಸುತ್ತುವವರ ಕೆಲಸ, ನಮ್ಮದಲ್ಲ.

ಬಿಚ್ಚಲೇಬೇಕಾದರೆ ಒಂದೇ ಎಚ್ಚರಿಕೆ. ಮ್ಯಾಗ್ನೆಟೊ ಮೈಮೇಲೆ ಸೇಫ್ಟಿ ಗ್ಯಾಪ್ ಸ್ಕ್ರೂ ಅಂತ ಒಂದು ಮೊನಚು ಸ್ಕ್ರೂ ಇದೆ. ಅದನ್ನು ತೆಗೆಯದೆ ಆರ್ಮೇಚರ್ ಎಳೆದರೆ ಸ್ಲಿಪ್ ರಿಂಗ್ ಚೂರು ಚೂರು.

ಪ್ರಶ್ನೆ: ಸೈಡ್‌ಕಾರಿನ ತಗಡು ಚೆನ್ನಾಗಿದೆ, ಆದರೆ ಒಳಗಿನ ಮರದ ಚೌಕಟ್ಟು ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿದೆ. ಕಬ್ಬಿಣದ ಪೈಪಿನಲ್ಲಿ ಚೌಕಟ್ಟು ಮಾಡಿಸಿ ವೆಲ್ಡ್ ಮಾಡಿಸಿದರೆ ಗಟ್ಟಿ ಅಲ್ವಾ?

ಉತ್ತರ: ಗಟ್ಟಿಯೇ, ಅದೇ ತೊಂದರೆ. ಸೈಡ್‌ಕಾರ್ ದೇಹ ರಸ್ತೆಯ ಮೇಲೆ ಸದಾ ತಿರುಚಿಕೊಳ್ಳುತ್ತಿರುತ್ತದೆ. ಹಳಬರು ಆಶ್ ಮರ ಹಾಕಿದ್ದು ಅದಕ್ಕೇ. ಅದು ಬಾಗುತ್ತದೆ, ಮತ್ತೆ ಮೊದಲಿನಂತಾಗುತ್ತದೆ. ಬಿಗಿಯಾದ ಪೈಪಿಗೆ ತೆಳು ತಗಡು ಹೊಡೆದರೆ ಮೂಲೆಗಳಲ್ಲಿ ಬಿರುಕು ಬೀಳುತ್ತದೆ.

ಕೊಳೆತ ಮರವನ್ನು ಎಸೆಯಬೇಡಿ. ಪುಡಿಯಾದರೂ ಸರಿ, ತೆಗೆಯುವ ಮೊದಲು ರಟ್ಟಿನಲ್ಲಿ ಅದರ ಆಕಾರ ಕತ್ತರಿಸಿಟ್ಟುಕೊಳ್ಳಿ. ಒಂದು ತುಂಡು ತೆಗೆದು, ಹೊಸದು ಕೂರಿಸಿ, ಆಮೇಲೆ ಮುಂದಿನದು. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ತಗಡು ತನಗೆ ಬೇಕಾದ ಆಕಾರಕ್ಕೆ ಬರುತ್ತದೆ, ಆಮೇಲೆ ಬಾಗಿಲು ಹಾಕಲು ಬರುವುದಿಲ್ಲ. ಮರದ ಕೆಲಸ ನನಗೆ ಬರುವುದಿಲ್ಲ. ನನ್ನ ಗಾಡಿಗೆ ಒಬ್ಬ ಬಡಗಿ ಮಾಡಿಕೊಟ್ಟರು. ನಾನು ಬಡಗಿಗೆ ಮಿಲಿಮೀಟರ್ ಲೆಕ್ಕ ಹೇಳುತ್ತಿದ್ದೆ. ಅವರು ರಟ್ಟನ್ನು ಬೆಳಕಿಗೆ ಹಿಡಿದು ಉಳಿಯಲ್ಲಿ ಎರಡು ಸಲ ಸವರಿ 'ಈಗ ಇಡಿ' ಅಂದರು. ಕೂತಿತು.

ಮರ ಮುಗಿಯುವವರೆಗೆ ಕೆಳಗಿನ ಚಾಸಿಯನ್ನು ಮರೆಯಬೇಡಿ. ಬೆಸುಗೆಯ ಜಾಗಗಳನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಭೂತಗನ್ನಡಿಯಲ್ಲಿ ನೋಡಿ. ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಅದು ಬಿರುಕು. ಬೈಕಿನ ಫ್ರೇಮಿನಲ್ಲೂ ಸೈಡ್‌ಕಾರ್ ಕೊಕ್ಕೆ ಕಚ್ಚುವ ಕಡೆ ಹೀಗೇ ನೋಡಬೇಕು.

ಪ್ರಶ್ನೆ: ಟ್ಯಾಂಕ್ ಒಳಗೆ ತುಕ್ಕು. ಕಲ್ಲು ಹಾಕಿ ಕುಲುಕಿದೆ, ಹೋಗಲಿಲ್ಲ.

ಉತ್ತರ: ಪೆಟ್ರೋಲಿನ ವಾಸನೆ ಪೂರ್ತಿ ಹೋಗುವ ತನಕ ಸೋಪು ನೀರಿನಲ್ಲಿ ತೊಳೆಯಿರಿ. ಬಟ್ಟೆ ಸೋಡಾ ಕರಗಿಸಿದ ನೀರು ತುಂಬಿಸಿ. ಬ್ಯಾಟರಿ ಚಾರ್ಜರಿನ ನೆಗೆಟಿವ್ ಟ್ಯಾಂಕಿಗೆ, ಪಾಸಿಟಿವ್ ಒಂದು ಕಬ್ಬಿಣದ ಸರಳಿಗೆ. ಸರಳು ಟ್ಯಾಂಕಿನ ಗೋಡೆಗೆ ತಾಗದ ಹಾಗೆ ನೀರಿನಲ್ಲಿ ಇಳಿಬಿಡಿ. ರಾತ್ರಿಯೆಲ್ಲ ಗುಳ್ಳೆ ಬರುತ್ತದೆ, ಬೆಳಿಗ್ಗೆ ನೀರು ಕಂದು. ಸ್ಟೇನ್‌ಲೆಸ್ ಸ್ಟೀಲ್ ಸರಳು ಮಾತ್ರ ಬೇಡ, ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಬರುವ ಗುಳ್ಳೆ ಹೈಡ್ರೋಜನ್, ಹಾಗಾಗಿ ಬಯಲಿನಲ್ಲಿ ಮಾಡಿ, ಬೀಡಿ ಸಿಗರೇಟು ದೂರ ಇರಲಿ. ಅಲ್ಯುಮಿನಿಯಂ ಟ್ಯಾಂಕಿಗೆ ಈ ಉಪಾಯ ನಡೆಯುವುದಿಲ್ಲ.

ಪ್ರಶ್ನೆ: ಇಪ್ಪತ್ತೈದು ವರ್ಷದಿಂದ ಬೈಕ್ ಓಡಿಸುತ್ತಿದ್ದೇನೆ. ಸೈಡ್‌ಕಾರ್ ಗಾಡಿ ಈಗಷ್ಟೇ ರೆಡಿಯಾಗಿದೆ. ಅಭ್ಯಾಸ ಬೇಕೇ? ಭಾನುವಾರ ಮನೆಯವರನ್ನು ಕೂರಿಸಿಕೊಂಡು ಹೊರಡುವ ಯೋಚನೆ.

ಉತ್ತರ: ಈ ಭಾನುವಾರ ಬೇಡ. ನಿಮ್ಮ ಇಪ್ಪತ್ತೈದು ವರ್ಷವೇ ನಿಮಗೆ ಅಡ್ಡಿ. ಬೈಕ್ ಬಾಗಿಸಿ ತಿರುಗಿಸುತ್ತೇವೆ, ಇದು ಬಾಗುವುದಿಲ್ಲ. ಹ್ಯಾಂಡಲನ್ನೇ ತಿರುಗಿಸಬೇಕು, ಟ್ರ್ಯಾಕ್ಟರಿನ ಹಾಗೆ.

ನನ್ನ ಮೊದಲನೇ ದಿನ ಹೇಳುತ್ತೇನೆ. ಸೈಡ್‌ಕಾರ್ ಖಾಲಿ. ಎಡ ತಿರುವು ಬಂತು. ಅಭ್ಯಾಸಬಲದಿಂದ ಮೈ ಬಾಗಿಸಿದೆ, ಏನೂ ಆಗಲಿಲ್ಲ. ಗಾಬರಿಯಲ್ಲಿ ಹ್ಯಾಂಡಲ್ ಜೋರಾಗಿ ತಿರುಗಿಸಿದೆ. ಪಕ್ಕದ ಚಕ್ರ ಮೇಲೆದ್ದಿತು. ಮೊಣಕಾಲಿನ ಪಕ್ಕದಲ್ಲಿ ಸೈಡ್‌ಕಾರ್ ಎದ್ದು ಬರುವುದನ್ನು ನೋಡಿದರೆ ಯಾರಾದರೂ ಹ್ಯಾಂಡಲ್ ನೇರ ಮಾಡುತ್ತಾರೆ. ನಾನೂ ಮಾಡಿದೆ. ಚಕ್ರ ಇಳಿಯಿತು, ಗಾಡಿ ರಸ್ತೆ ದಾಟಿ ಬಲಗಡೆಯ ಬೇಲಿಗೆ ಹೋಯಿತು. ಎದುರಿಗೆ ಯಾರೂ ಬರುತ್ತಿರಲಿಲ್ಲ, ಅದೊಂದೇ ಅದೃಷ್ಟ. ನನ್ನ ಹೆಂಡತಿ ಗೇಟಿನಲ್ಲಿ ನಿಂತು ನೋಡುತ್ತಿದ್ದಳು. ಎಂಟು ತಿಂಗಳು ಅದರಲ್ಲಿ ಕೂರಲಿಲ್ಲ.

ಹಾಗಾಗಿ ಖಾಲಿ ಮೈದಾನಕ್ಕೆ ಹೋಗಿ. ಸೈಡ್‌ಕಾರಿನಲ್ಲಿ 30 ಕೆ.ಜಿ. ಮರಳಿನ ಚೀಲ ಇಟ್ಟು ಕಟ್ಟಿ. ಮೊದಲು ಬಲಕ್ಕೆ ಸುತ್ತು ಹೊಡೆಯಿರಿ, ಆಮೇಲೆ ಎಡಕ್ಕೆ, ವೃತ್ತವನ್ನು ನಿಧಾನಕ್ಕೆ ಚಿಕ್ಕದು ಮಾಡುತ್ತಾ. ಚಕ್ರ ಯಾವಾಗ ಹಗುರಾಗುತ್ತದೆ ಅನ್ನುವುದು ಕೂತ ಜಾಗಕ್ಕೇ ಗೊತ್ತಾಗಬೇಕು. ಎಡ ತಿರುವಿಗೆ ಮುಂಚೆಯೇ ವೇಗ ಇಳಿಸಿ, ಮೈಯನ್ನು ಸೈಡ್‌ಕಾರ್ ಕಡೆಗೆ ಜರುಗಿಸಿ. ಬಲ ತಿರುವಿನ ನಡುವೆ ಜೋರಾಗಿ ಬ್ರೇಕ್ ಒತ್ತಬೇಡಿ. ಭಾರವೆಲ್ಲ ಸೈಡ್‌ಕಾರಿನ ಮೂತಿಗೆ ಬಂದು ಬೈಕಿನ ಹಿಂದಿನ ಚಕ್ರ ಎದ್ದೀತು. ಕಾಲು ನೆಲಕ್ಕೆ ಕೊಡುವ ಚಾಳಿ ಬಿಡಿ, ಸೈಡ್‌ಕಾರ್ ಚಕ್ರ ಪಾದದ ಮೇಲೆ ಹತ್ತಬಹುದು.

ಮನೆಯವರನ್ನು ಕೂರಿಸುವ ಮೊದಲು ಮರಳು ಚೀಲ ಬಿಚ್ಚಿ ಒಂದು ಸುತ್ತು ಖಾಲಿ ಓಡಿಸಿ. ಆಗಲೂ ಎಡ ತಿರುವಿನಲ್ಲಿ ಎದೆ ಡವಡವ ಅನ್ನದಿದ್ದರೆ ಅವರನ್ನು ಕರೆಯಿರಿ. ಅವರಿಗೊಂದು ಹೆಲ್ಮೆಟ್ ಇರಲಿ. ಸೈಡ್‌ಕಾರಿನ ಗಾಜು ನೋಡಿ ಕಾರು ಅಂದುಕೊಳ್ಳುವವರು ಜಾಸ್ತಿ.